ಮಗ್ಗುಲು ಬದಲಾಯಿಸುವವರು ಯಾರು?

ನಮ್ಮ ಹಾಸ್ಟೆಲಿನ ಒಬ್ಬ ಹುಡುಗ ಮರದಿಂದ ಬಿದ್ದ. ಬಿ.ಎ. ಎರಡನೇ ವರ್ಷದವನು. ನಮ್ಮ ಜೊತೆ ಒಂದೇ ಸಾಲಿನಲ್ಲಿ ಕೂತು ಮುದ್ದೆ ಉಂಡವನು, ನಮ್ಮ ಚಾಪೆಯ ಪಕ್ಕ ಚಾಪೆ ಹಾಸಿಕೊಂಡು ಮಲಗಿದವನು, ಮೆರವಣಿಗೆ ಹೊರಟರೆ ತಮಟೆ ಹಿಡಿದು ಮುಂದೆ ನಡೆದವನು. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಬೇಡ ಅಂದಿದ್ದಾನೆ. "ನಡೆದದ್ದು ಬರೀರಿ. ನನ್ನ ಹೆಸರು ಹಾಕಿ ಜನಗಳ ಹತ್ರ ಅಯ್ಯೋ ಅನ್ನಿಸ್ಬೇಡಿ" ಅಂತ ಅವನ ಮಾತು. ಆ ಮಾತಿಗೆ ಕಟ್ಟುಬಿದ್ದು ಬರೆಯುತ್ತಿದ್ದೇವೆ.

2023ರ ಫೆಬ್ರವರಿ. ಮಲೆನಾಡಿನ ಕಾಫಿ ತೋಟಗಳಲ್ಲಿ ಮೆಣಸು ಕುಯ್ಯುವ ಕಾಲ. ಸಿಲ್ವರ್ ಓಕ್ ಮರಕ್ಕೆ ಬಳ್ಳಿ ಹಬ್ಬಿರುತ್ತದೆ. ಮರಕ್ಕೆ ಒಂಟಿ ಬಿದಿರಿನ ಏಣಿ ಆನಿಸಿ, ಹಗ್ಗದಲ್ಲಿ ಬಿಗಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತಬೇಕು. ಇಪ್ಪತ್ತು ಅಡಿ, ಮೂವತ್ತು ಅಡಿ. ಆ ಏಣಿ ಹತ್ತುವವರು ಯಾರ ಮಕ್ಕಳು, ಕೆಳಗೆ ಕುರ್ಚಿ ಹಾಕಿಕೊಂಡು ತೂಕ ಬರೆದುಕೊಳ್ಳುವವರು ಯಾರ ಮಕ್ಕಳು ಅನ್ನೋದನ್ನ ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹುಡುಗ ಪರೀಕ್ಷೆ ಫೀಜಿಗೆ ಅಂತ ಎರಡು ವಾರ ಕೂಲಿಗೆ ಹೋದ. ಬೆಳಿಗ್ಗೆ ಮಂಜಿಗೆ ಏಣಿ ಒದ್ದೆಯಾಗಿತ್ತು. ಕಾಲು ಜಾರಿತು. ಬಿದ್ದದ್ದು ಕಲ್ಲಿನ ಮೇಲೆ, ಬೆನ್ನು ಕೊಟ್ಟು.

ನಾಲ್ಕು ಜನ ಓಡಿಬಂದು ಕೈಕಾಲು ಹಿಡಿದು, ಮೂಟೆ ಎತ್ತುವ ಹಾಗೆ ಎತ್ತಿ, ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿಕೊಂಡು ಹೋದರು. ಪ್ರೀತಿಯಿಂದಲೇ ಎತ್ತಿದರು. ಆದರೆ ಬೆನ್ನುಮೂಳೆ ಮುರಿದಿರಬಹುದಾದವನನ್ನು ಹಾಗೆ ಮಡಚಬಾರದು. ತಲೆ, ಕುತ್ತಿಗೆ, ಸೊಂಟ ಒಂದೇ ಗೆರೆಯಲ್ಲಿ ಇರುವಂತೆ, ಮರದ ದಿಮ್ಮಿ ಹೊರಳಿಸಿದ ಹಾಗೆ ಎಲ್ಲರೂ ಒಟ್ಟಿಗೆ ಹೊರಳಿಸಿ, ಹಲಗೆಯ ಮೇಲೋ ಕಿತ್ತ ಬಾಗಿಲಿನ ಮೇಲೋ ಮಲಗಿಸಿ ಸಾಗಿಸಬೇಕು. ಇದು ಅವರಿಗೆ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಹದಿನೈದು ವರ್ಷ ಸ್ಕೂಲು ಕಾಲೇಜಿಗೆ ಮಣ್ಣು ಹೊತ್ತ ನಮಗೆ ಯಾರೂ ಇದನ್ನ ಕಲಿಸಲಿಲ್ಲ.

ಆಪರೇಷನ್ ಆಯಿತು. ಬೆನ್ನಿಗೆ ಸರಳು, ಸ್ಕ್ರೂ ಹಾಕಿ ಮೂಳೆ ನಿಲ್ಲಿಸಿದರು. ಸರ್ಕಾರಿ ಯೋಜನೆಯಲ್ಲಿ ಆಯಿತು, ಬಿಲ್ಲು ಬರಲಿಲ್ಲ. ಅದಕ್ಕೆ ನಾವು ಸುಳ್ಳು ಹೇಳುವುದಿಲ್ಲ. ಡಾಕ್ಟರು ಹೇಳಿದ್ದು ಇಷ್ಟು: ಮೂಳೆ ಕೂಡುತ್ತೆ, ಆದರೆ ಮೂಳೆಯೊಳಗಿನ ಬೆನ್ನುಹುರಿ ಜಜ್ಜಿಹೋಗಿದೆ, ಅದು ಮೂಳೆಯ ಹಾಗೆ ಕೂಡುವುದಿಲ್ಲ. ಸೊಂಟದಿಂದ ಕೆಳಗೆ ಕಾಲು ಎಷ್ಟು ಬರುತ್ತೋ ಕಾದು ನೋಡಬೇಕು. ಮೂರು ವಾರಕ್ಕೆ ಮನೆಗೆ ಕಳಿಸಿದರು. ಬಿಡುಗಡೆ ಚೀಟಿಯ ಕಡೇ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು, ಫಿಸಿಯೋಥೆರಪಿ ಮಾಡಿಸಿ ಅಂತ. ಎಲ್ಲಿ ಮಾಡಿಸುವುದು, ಯಾರು ಮಾಡುವುದು, ಎಷ್ಟು ದಿನ, ಬಸ್ಸಿನ ಚಾರ್ಜು ಯಾರು ಕೊಡುವುದು, ಬೆನ್ನು ನಿಲ್ಲದವನನ್ನು ಬಸ್ಸಿಗೆ ಹತ್ತಿಸುವುದು ಹೇಗೆ? ಆ ಒಂದು ಸಾಲು ಏನೂ ಹೇಳಲಿಲ್ಲ.

ಈ ಲೇಖನ ಆ ಒಂದು ಸಾಲಿನ ಬಗ್ಗೆ.

ನಾವು ಅವನ ಊರಿಗೆ ನೋಡಲು ಹೋದೆವು. ಏಳು ಜನ ಹೋದೆವು. ನಮ್ಮಲ್ಲಿ ಒಬ್ಬ ಕವಿ. ನಾವೆಲ್ಲ ಅಷ್ಟಿಷ್ಟು ಕವಿಗಳೇ ಅನ್ನಿ. ಅವನ ಮೇಲೆ ಒಂದು ಪದ್ಯ ಬರೆದುಕೊಂಡು ಹೋಗಿದ್ದೆವು. ಎದ್ದು ನಿಲ್ಲು, ಸಿಡಿದು ನಿಲ್ಲು ಅಂತ ಅದರ ಧಾಟಿ. ಮಂಚದ ಪಕ್ಕ ನಿಂತು ಓದಿದೆವು. ಅವನು ಪೂರ್ತಿ ಕೇಳಿ, ಸೂರು ನೋಡಿಕೊಂಡೇ ಹೇಳಿದ: "ಎದ್ ನಿಲ್ಲೋದು ಆಮೇಲೆ ನೋಡಣ. ಮೊದ್ಲು ನನ್ನ ಒಂದ್ ಮಗ್ಗುಲು ಬದ್ಲಾಯ್ಸ್ರೋ."

ನಮಗೆ ಮಗ್ಗುಲು ಬದಲಾಯಿಸಲು ಬರಲಿಲ್ಲ. ಒಬ್ಬ ಭುಜ ಎಳೆದ, ಒಬ್ಬ ಕಾಲು ಎಳೆದ. ಅವನ ಅಕ್ಕ ಒಳಗಿನಿಂದ ಬಂದು ನಮ್ಮನ್ನು ಸರಿಸಿ, ಒಬ್ಬಳೇ, ಒಂದು ಕೈ ಭುಜದ ಕೆಳಗೆ ಒಂದು ಕೈ ಸೊಂಟದ ಕೆಳಗೆ ಕೊಟ್ಟು ಹೊರಳಿಸಿದಳು. ಆಗ ಕಂಡದ್ದು ಸೊಂಟದ ಕೆಳಗಿನ ಹುಣ್ಣು. ಅಂಗೈಯಗಲ. ಒಳಗೆ ಮೂಳೆ ಕಾಣುವ ಹಾಗೆ. ಅವನಿಗೆ ನೋವು ಗೊತ್ತಾಗುತ್ತಿರಲಿಲ್ಲ, ಅದಕ್ಕೇ ಅದು ಅಷ್ಟು ದೊಡ್ಡದಾಗಿತ್ತು. ಆ ಹೆಣ್ಣುಮಗಳು ಪೇಟೆಯ ಗಾರ್ಮೆಂಟ್ಸ್ ಕೆಲಸ ಬಿಟ್ಟು ಬಂದಿದ್ದಳು. ಅವಳ ಕೂಲಿಯೂ ಅವನ ಬೆನ್ನಿನ ಜೊತೆಗೇ ಮುರಿದಿತ್ತು. ಮುರಿದದ್ದು ಒಂದು ಬೆನ್ನು ಅಂತ ಆಸ್ಪತ್ರೆ ಲೆಕ್ಕ. ಎರಡು ಅಂತ ನಮ್ಮ ಕೇರಿಯ ಲೆಕ್ಕ.

ನಾವು ಪದ್ಯ ಮಡಚಿ ಜೇಬಿಗೆ ಇಟ್ಟುಕೊಂಡು ವಾಪಸ್ಸು ಬಂದೆವು. ಆಮೇಲೆ ಓದಿದೆವು, ಕೇಳಿದೆವು, ಅಲೆದೆವು. ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಒಂದು ಕಾಲದಲ್ಲಿ ಬೆನ್ನುಹುರಿ ಮುರಿದವರು ಸತ್ತೇ ಹೋಗುತ್ತಿದ್ದರು. ಹುರಿ ಮುರಿದದ್ದಕ್ಕಲ್ಲ. ಮಲಗಿದಲ್ಲೇ ಮಲಗಿ ಹುಣ್ಣಾಗಿ, ಮೂತ್ರ ಕಟ್ಟಿ, ಕೀವಾಗಿ, ಜ್ವರ ಏರಿ ಸಾಯುತ್ತಿದ್ದರು. ಇವರ ಕತೆ ಇಷ್ಟೇ ಅಂತ ಡಾಕ್ಟರುಗಳೇ ಕೈಬಿಟ್ಟಿದ್ದರು. ಅದನ್ನು ಬದಲಾಯಿಸಿದವರಲ್ಲಿ ಮುಖ್ಯನಾದವನು ಲುಡ್ವಿಗ್ ಗುಟ್‌ಮನ್ ಎಂಬ ಡಾಕ್ಟರು. ಜರ್ಮನಿಯ ಯೆಹೂದಿ. ಹುಟ್ಟಿನ ಕಾರಣಕ್ಕೆ ನಾಜಿಗಳು ಅವನನ್ನು ಸಾಮಾನ್ಯ ಆಸ್ಪತ್ರೆಯಿಂದ ಹೊರಗೆ ದಬ್ಬಿದರು. 1939ರಲ್ಲಿ ಹೆಂಡತಿ ಮಕ್ಕಳ ಜೊತೆ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಬಂದ. ಅದೇ ನಾಜಿಗಳು ಅಂಗವಿಕಲರನ್ನು ಬದುಕಲು ಯೋಗ್ಯರಲ್ಲ ಅಂತ ಸಾವಿರ ಸಾವಿರ ಸಂಖ್ಯೆಯಲ್ಲಿ ಕೊಂದರು ಅನ್ನೋದನ್ನೂ ನೆನಪಿಡಿ. ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟುವವರು ಮೈಯಿಂದಲೂ ಕಟ್ಟುತ್ತಾರೆ. ಎರಡೂ ಒಂದೇ ತಕ್ಕಡಿ.

1944ರ ಫೆಬ್ರವರಿ 1ರಂದು ಗುಟ್‌ಮನ್ ಸ್ಟೋಕ್ ಮ್ಯಾಂಡೆವಿಲ್ ಎಂಬ ಆಸ್ಪತ್ರೆಯಲ್ಲಿ ಯುದ್ಧದಲ್ಲಿ ಬೆನ್ನು ಮುರಿದುಕೊಂಡವರಿಗೆ ಒಂದು ವಾರ್ಡು ತೆರೆದ. ಅವನು ಮಾಡಿದ ದೊಡ್ಡ ಕೆಲಸ ಯಾವ ಮಹಾ ಯಂತ್ರವೂ ಅಲ್ಲ. ಎರಡು ಗಂಟೆಗೊಂದು ಸಲ, ಹಗಲೂ ರಾತ್ರಿ, ಪ್ರತಿಯೊಬ್ಬ ರೋಗಿಯ ಮಗ್ಗುಲು ಬದಲಾಯಿಸಬೇಕು ಅಂತ ಕಟ್ಟು ಮಾಡಿದ. ಸರಿಯಾಗಿ ಆಗಿದೆಯೋ ಇಲ್ಲವೋ ಅಂತ ನಡುರಾತ್ರಿ ತಾನೇ ಬಂದು ನೋಡುತ್ತಿದ್ದ. ಮೂತ್ರದ ದಾರಿ ಚೊಕ್ಕಟವಾಗಿರುವಂತೆ ನೋಡಿಕೊಂಡ. ಆಮೇಲೆ ಕೈಗೆ ಕೆಲಸ ಕೊಟ್ಟ, ಆಟ ಕೊಟ್ಟ. 1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಅವನ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯಲ್ಲಿ ಕೂತ ಹದಿನಾರು ಜನ ಬಿಲ್ಲು ಹಿಡಿದು ಪಂದ್ಯ ಆಡಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಈಜಿನಲ್ಲಿ ಚಿನ್ನ ತಂದ ಮುರಳೀಕಾಂತ್ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡು ತಿಂದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಸೈನಿಕ. ಈಜು ಅವರಿಗೆ ಮೊದಲು ಚಿಕಿತ್ಸೆ, ಆಮೇಲೆ ಪದಕ.

ಇದನ್ನ ಓದಿ ನಮಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. 1944ರಲ್ಲೇ ಗೊತ್ತಾದ ವಿದ್ಯೆ. ಬೇಕಾದದ್ದು ಎರಡು ಕೈ, ಒಂದು ಗಡಿಯಾರ. ಸುಮಾರು ಎಂಬತ್ತು ವರ್ಷ ಆದಮೇಲೂ ನಮ್ಮ ಹುಡುಗನಿಗೆ ಅಂಗೈಯಗಲ ಹುಣ್ಣಾಯಿತಲ್ಲ, ಯಾಕೆ? ಅಲ್ಲಿ ಗಾಯಗೊಂಡವನು ಸಿಪಾಯಿ. ಸಿಪಾಯಿಯ ಹಿಂದೆ ಸರ್ಕಾರ ಇತ್ತು, ಸೈನ್ಯದ ಆಸ್ಪತ್ರೆ ಇತ್ತು. ಮೆಣಸು ಕುಯ್ಯುವವನ ಹಿಂದೆ ಯಾರಿದ್ದಾರೆ? ದಿಂಬಿನ ಕೆಳಗೆ ಐದು ಸಾವಿರ ಇಟ್ಟು, "ಅವ್ನು ನಮ್ಮ ತೋಟದ ಆಳಲ್ಲ, ಅವನಾಗೇ ಬಂದಿದ್ದ" ಅಂತ ಹೇಳಿಹೋದ ಧಣಿ ಇದ್ದಾನೆ. ಊರಿನ ಪೂಜಾರಿ ಇದ್ದಾನೆ.

ಪೂಜಾರಿಯ ಮಾತನ್ನೂ ಹೇಳಿಬಿಡುತ್ತೇವೆ. "ಹಿಂದಿನ ಜನ್ಮದ್ದು, ಅನುಭವಿಸಬೇಕು" ಅಂದನಂತೆ. ಗೆಳೆಯರೆ, ಈ ಮಾತು ನಮಗೆ ಎಲ್ಲಿಯದು ಅಂತ ಗೊತ್ತಿಲ್ಲವೆ? ನಮ್ಮ ಅಪ್ಪ ಯಾಕೆ ಹೊಲಗೇರಿಯಲ್ಲಿ ಹುಟ್ಟಿದ ಅಂದರೂ ಇದೇ ಉತ್ತರ, ನಮ್ಮ ಹುಡುಗ ಯಾಕೆ ಮಂಚ ಹಿಡಿದ ಅಂದರೂ ಇದೇ ಉತ್ತರ. ಏಣಿ ಒದ್ದೆಯಾಗಿತ್ತು, ಸೊಂಟಕ್ಕೆ ಕಟ್ಟುವ ಬೆಲ್ಟು ಕೊಟ್ಟಿರಲಿಲ್ಲ, ಎತ್ತುವ ಕ್ರಮ ಯಾರಿಗೂ ಗೊತ್ತಿರಲಿಲ್ಲ, ಮಗ್ಗುಲು ಬದಲಾಯಿಸಬೇಕು ಅಂತ ಆ ಅಕ್ಕನಿಗೆ ಕನ್ನಡದಲ್ಲಿ ಯಾರೂ ಹೇಳಲಿಲ್ಲ. ಈ ನಾಲ್ಕರಲ್ಲಿ ಹಿಂದಿನ ಜನ್ಮದ್ದು ಯಾವುದು? ನಾಲ್ಕೂ ಈ ಜನ್ಮದವೇ. ನಾಲ್ಕಕ್ಕೂ ಜವಾಬ್ದಾರರು ಇದ್ದಾರೆ.

ಹುಣ್ಣು ಮಾಯಲು ಮತ್ತೆ ಆಸ್ಪತ್ರೆ ಸೇರಿದ್ದು ನಾಲ್ಕನೇ ತಿಂಗಳು. ಅಲ್ಲಿಂದ ಬೆಂಗಳೂರಿನ ಒಂದು ಪುನರ್ವಸತಿ ಕೇಂದ್ರದಲ್ಲಿ ಜಾಗ ಸಿಕ್ಕಿತು. ಸರದಿ ಕಾದು, ನಾಲ್ಕು ಜನರ ಕಾಲು ಹಿಡಿದು. ಮೂರು ತಿಂಗಳು ಇದ್ದ. ನಾವು ಸರದಿ ಮೇಲೆ ಒಬ್ಬೊಬ್ಬರು ವಾರ ವಾರ ಜೊತೆಗಿದ್ದೆವು. ಅಲ್ಲಿ ಕಂಡದ್ದನ್ನು ಬರೆಯಲೇಬೇಕು. ಯಾಕಂದರೆ ಆಪರೇಷನ್ ಅಂದರೆ ಎಲ್ಲರಿಗೂ ಗೊತ್ತು, ಥೆರಪಿ ಅಂದರೆ ನಮ್ಮ ಜನಕ್ಕೆ ಗೊತ್ತಿಲ್ಲ. ಕೈಕಾಲು ತಿಕ್ಕುವುದು, ಎಣ್ಣೆ ಹಚ್ಚುವುದು ಅಂತಲೇ ತಿಳಿದಿದ್ದಾರೆ.

ಮೊದಲ ದಿನಗಳಲ್ಲಿ ಅವನನ್ನು ಒಂದು ಹಲಗೆಗೆ ಕಟ್ಟಿ, ಆ ಹಲಗೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಮೇಲೆತ್ತಿ ನಿಲ್ಲಿಸುತ್ತಿದ್ದರು. ತಿಂಗಳುಗಟ್ಟಲೆ ಮಲಗಿದವನು ಒಮ್ಮೆಲೇ ಎದ್ದರೆ ರಕ್ತ ಕೆಳಗೆ ಇಳಿದು ತಲೆ ಸುತ್ತಿ ಬೀಳುತ್ತಾನೆ. ಆಮೇಲೆ ಕೂರುವುದು. ಕೂರುವುದೇ ಒಂದು ಪಾಠ ಅಂತ ನಮಗೆ ಅವತ್ತು ಗೊತ್ತಾಯಿತು. ಆಮೇಲೆ ತೋಳಿಗೆ ಬಲ. ಕಾಲಿನ ಕೆಲಸವನ್ನೂ ಇನ್ನು ತೋಳೇ ಮಾಡಬೇಕಲ್ಲ. ಮಂಚದಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ನೆಲಕ್ಕೆ, ನೆಲದಿಂದ ಮತ್ತೆ ಕುರ್ಚಿಗೆ. ಒಂದೇ ಕೆಲಸ ದಿನಕ್ಕೆ ನಲವತ್ತು ಸಲ. ಕುರ್ಚಿಯಲ್ಲಿ ಕೂತಾಗಲೂ ಕಾಲು ಗಂಟೆ ಅರ್ಧ ಗಂಟೆಗೊಮ್ಮೆ ಎರಡೂ ಕೈ ಊರಿ ಸೊಂಟ ಮೇಲೆತ್ತಬೇಕು, ಇಲ್ಲದಿದ್ದರೆ ಮತ್ತೆ ಹುಣ್ಣು. ಸ್ವಾಧೀನವಿಲ್ಲದ ಕಾಲಿನ ಕೀಲುಗಳನ್ನು ದಿನಾ ಮಡಚಿ ಚಾಚಬೇಕು, ಇಲ್ಲದಿದ್ದರೆ ಸೆಟೆದುಕೊಳ್ಳುತ್ತವೆ. ಮೂತ್ರ ತಾನಾಗಿ ಹೋಗುವುದಿಲ್ಲ. ಹೊತ್ತು ಹೊತ್ತಿಗೆ ತಾನೇ ಕೊಳವೆ ಹಾಕಿಕೊಂಡು ತೆಗೆಯಬೇಕು. ಇದನ್ನು ಬರೆಯಲು ನಾಚಿಕೆ ಯಾಕೆ? ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅದಕ್ಕೇ ನಮ್ಮ ಹುಡುಗರು ನಾಚಿಕೆಯಲ್ಲೇ ಮೂತ್ರಕೋಶ ಕೊಳೆತು, ಕಿಡ್ನಿ ಹೋಗಿ ಸಾಯುತ್ತಾರೆ. ಕೈ ತೊಳೆದುಕೊಂಡು ಚೊಕ್ಕಟವಾಗಿ ಮಾಡಿದರೆ ಅದೂ ಹಲ್ಲುಜ್ಜಿದ ಹಾಗೆ ಒಂದು ದಿನದ ಕೆಲಸ, ಅಷ್ಟೆ.

ಕಲಿಸಿದವಳು ನಮ್ಮದೇ ವಯಸ್ಸಿನ ಒಬ್ಬ ಹುಡುಗಿ. ಯಾವ ಜಾತಿಯೋ ನಾವು ಕೇಳಲಿಲ್ಲ, ಅವಳೂ ಕೇಳಲಿಲ್ಲ. ದಿನಾ ಒಂದು ಗಂಟೆ ನಮ್ಮ ಹುಡುಗನ ಪಾದವನ್ನು ಅಂಗೈಯಲ್ಲಿ ಹಿಡಿದು, ಹಿಮ್ಮಡಿಗೆ ತನ್ನ ತೋಳು ಕೊಟ್ಟು ಬಗ್ಗಿಸುತ್ತಿದ್ದಳು. ನೆರಳು ಬಿದ್ದರೆ ಮೈಲಿಗೆ ಅಂತ ಅವನ ತಾತನನ್ನು ದಾರಿಯಿಂದ ಕೆಳಗಿಳಿಸಿದ ನಾಡು ಇದು. ಈ ನಾಡಿನಲ್ಲಿ ಮುಟ್ಟದೆ ಮಾಡಲಾಗದ ಒಂದು ವಿದ್ಯೆ ಇದೆಯಲ್ಲ ಅಂತ ನಮಗೆ ಗಂಟಲು ಕಟ್ಟಿತು. ನಾವು ಅವಳಿಗೆ ದೊಡ್ಡ ಮಾತಿನಲ್ಲಿ ಕೃತಜ್ಞತೆ ಹೇಳಲು ಹೋದೆವು. "ಅದೆಲ್ಲ ಬೇಡ, ನಾನು ಶನಿವಾರ ಭಾನುವಾರ ಇರಲ್ಲ, ನೀವು ಕಲ್ತ್ಕೊಳ್ಳಿ" ಅಂದಳು. ಕಲಿತೆವು. ಅವಳು ತೋರಿಸಿದ್ದು ದಯೆ ಅಲ್ಲ, ವಿದ್ಯೆ. ದಯೆಯನ್ನು ಬೇಡಬೇಕು. ವಿದ್ಯೆಯನ್ನು ಕಲಿಯಬಹುದು, ಹಂಚಬಹುದು, ಹಕ್ಕು ಅಂತ ಕೇಳಬಹುದು.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದೂ ಅಲ್ಲ. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ 1954ರಲ್ಲಿ ರಸ್ತೆ ಅಪಘಾತದಲ್ಲಿ ಬೆನ್ನು ಮುರಿದುಕೊಂಡು ಎರಡೂ ಕಾಲಿನ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದರು. ಸಮಾಜ ಮುಟ್ಟದವರನ್ನು, ಸಮಾಜ ಮುಗಿಯಿತು ಅಂದ ಹೆಂಗಸು ಮುಟ್ಟಿ ವಾಸಿ ಮಾಡಿದಳು. ಆಮೇಲೆ ಅಮೆರಿಕಕ್ಕೆ ಹೋಗಿ ಪುನರ್ವಸತಿ ವೈದ್ಯವನ್ನೇ ಓದಿ ಬಂದು, ವೆಲ್ಲೂರಿನಲ್ಲಿ ಅದರ ವಿಭಾಗ ಕಟ್ಟಿದರು, 1966ರಲ್ಲಿ ರೋಗಿಗಳು ಉಳಿದು ಕಲಿಯುವ ಕೇಂದ್ರವನ್ನೂ ತೆರೆದರು. ಜೈಪುರದಲ್ಲಿ 1960ರ ದಶಕದ ಕೊನೆಗೆ ರಾಮಚಂದ್ರ ಶರ್ಮಾ ಎಂಬ, ಹೆಚ್ಚು ಓದದ ಕುಶಲಕರ್ಮಿ, ಪಿ.ಕೆ. ಸೇಥಿ ಎಂಬ ಮೂಳೆ ಡಾಕ್ಟರ ಜೊತೆ ಸೇರಿ ಕಾಲು ಕಳೆದುಕೊಂಡವರಿಗೆ ರಬ್ಬರಿನ ಕಾಲು ಮಾಡಿದರು. ವಿಲಾಯಿತಿ ಕಾಲಿಗೆ ಬೂಟು ಬೇಕು, ಕುರ್ಚಿ ಬೇಕು. ಜೈಪುರದ ಕಾಲಿನಲ್ಲಿ ಬರಿಗಾಲಿನಲ್ಲಿ ಗದ್ದೆಗೆ ಇಳಿಯಬಹುದು, ಕುಕ್ಕರಗಾಲಿನಲ್ಲಿ ಕೂತು ಉಣ್ಣಬಹುದು. ಬಡವನ ಬದುಕು ಗೊತ್ತಿದ್ದ ಕೈ ಮಾಡಿದ ಕಾಲು ಅದು.

ಇಲ್ಲೊಂದು ಮುಖ್ಯ ಮಾತಿದೆ. ನಮ್ಮ ಹುಡುಗನಿಗೆ ಕೇಂದ್ರದಲ್ಲಿ ಕಲಿಸಿದ್ದು ನುಣುಪು ನೆಲದ ಮೇಲೆ, ಎತ್ತರದ ಮಂಚದ ಮೇಲೆ, ಕಮೋಡು ಇರುವ ಕಕ್ಕಸಿನಲ್ಲಿ. ಊರಿಗೆ ಬಂದರೆ ಹೊಸಲು ಒಂದಡಿ, ಅಂಗಳ ಕಲ್ಲುಮಣ್ಣು, ಕಕ್ಕಸಿನ ಬಾಗಿಲು ಕುರ್ಚಿಗಿಂತ ಕಿರಿದು. ಕಲಿತದ್ದೆಲ್ಲ ಹೊಸಲಿನ ಹೊರಗೇ ನಿಂತಿತು. ಆಗ ನಾವು ನಾಲ್ಕು ಜನ ಸೇರಿ ಹೊಸಲಿಗೆ ಮಣ್ಣಿನ ಇಳಿಜಾರು ಹಾಕಿದೆವು, ಕಕ್ಕಸಿನ ಗೋಡೆ ಒಡೆದು ಬಾಗಿಲು ಅಗಲ ಮಾಡಿದೆವು, ಹಳೇ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಇಟ್ಟೆವು, ಅಂಗಳದಲ್ಲಿ ಎರಡು ಬಿದಿರಿನ ಗಳು ಸೊಂಟದೆತ್ತರಕ್ಕೆ ನೆಟ್ಟು, ಹಿಡಿದು ನಿಲ್ಲುವ ಸಾಲು ಕಟ್ಟಿದೆವು. ಇದು ನಮ್ಮ ತಲೆಯಿಂದಲೇ ಬಂತು ಅಂತ ಬೀಗಿದ್ದೆವು. ಆಮೇಲೆ ಓದಿದರೆ, ಮೆಕ್ಸಿಕೋ ದೇಶದ ಅಹೋಯಾ ಎಂಬ ಗುಡ್ಡದ ಹಳ್ಳಿಯಲ್ಲಿ 1981ರಲ್ಲೇ ಅಂಗವಿಕಲ ಯುವಕರು ತಾವೇ ಒಂದು ಪುನರ್ವಸತಿ ಕೇಂದ್ರ ಶುರು ಮಾಡಿ, ಊರಿನ ಮರಮುಟ್ಟಿನಿಂದಲೇ ಇಂಥ ಸಾಧನ ಮಾಡಿದ್ದರಂತೆ. ಬಡವರ ತಲೆ ಎಲ್ಲಾ ಕಡೆ ಒಂದೇ ದಾರಿ ಹುಡುಕುತ್ತೆ. ಬಿದಿರಿನ ಏಣಿಯಿಂದ ಬಿದ್ದವನು ಬಿದಿರು ಹಿಡಿದೇ ಕ್ಯಾಲಿಪರ್ ಕಟ್ಟಿಕೊಂಡು ನಿಂತ.

ಪೂರ್ತಿ ನಡೆಯುತ್ತಾನೆಯೆ? ಇಲ್ಲ. ಹತ್ತು ಹೆಜ್ಜೆ, ಊರುಗೋಲಿನಲ್ಲಿ. ಬಾಕಿ ಗಾಲಿಕುರ್ಚಿ. ಇದನ್ನು ಮುಚ್ಚಿಟ್ಟು ಪವಾಡದ ಕತೆ ಮಾಡುವುದು ನಮಗೆ ಬೇಡ. ನೋಡಲು ಬರುವವರೆಲ್ಲ "ಯಾವಾಗ ನಡೀತೀಯಾ" ಅಂತ ಕೇಳುತ್ತಾರೆ. ಅವನು ತಾನೇ ಮಗ್ಗುಲು ಬದಲಾಯಿಸುತ್ತಾನೆ, ತಾನೇ ಮೀಯುತ್ತಾನೆ, ತಾನೇ ಕುರ್ಚಿಗೆ ಏರುತ್ತಾನೆ, ಬಿಟ್ಟ ಪರೀಕ್ಷೆ ಬರೆದ, ಅವನ ಅಕ್ಕ ಮತ್ತೆ ಕೆಲಸಕ್ಕೆ ಹೋದಳು. ಗುಣವಾಗುವುದು ಅಂದರೆ ಇದು. ಕಾಲು ಬರುವುದೊಂದೇ ಗುಣ ಅಲ್ಲ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ನಾವು ಬರೆದ ಪದ್ಯ, ಭಾಷಣಗಳಲ್ಲಿ ಕುಂಟ ವ್ಯವಸ್ಥೆ, ಕುರುಡು ಕಾನೂನು, ಹೆಳವ ಸರ್ಕಾರ ಅಂತ ಎಷ್ಟು ಸಲ ಬರೆದಿದ್ದೇವೆ! ನಮ್ಮ ಜಾತಿಯ ಹೆಸರನ್ನು ಬೈಗುಳ ಮಾಡಿದರೆ ನಾವು ಉರಿದು ಬೀಳುತ್ತೇವೆ. ಇನ್ನೊಬ್ಬರ ಮೈಯನ್ನು ಬೈಗುಳ ಮಾಡುವಾಗ ನಮ್ಮ ಪೆನ್ನು ನಡುಗಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಮುಂದೆ ಬಾಬಾಸಾಹೇಬರು ವೇದಿಕೆಗೆ ಬಂದದ್ದು ಹೇಗೆ? ಸಕ್ಕರೆ ಕಾಯಿಲೆ, ಕಾಲುನೋವಿನಿಂದ ಬಳಲಿ, ಕೈಯಲ್ಲಿ ಕೋಲು ಹಿಡಿದು, ಇನ್ನೊಬ್ಬರ ಹೆಗಲಿನ ಆಸರೆ ಪಡೆದು. ಅವತ್ತು ಅವರು ಊರಿದ ಕೋಲಿನಿಂದ ಅವರ ಎತ್ತರ ಒಂದಿಂಚೂ ಕಡಿಮೆ ಆಗಲಿಲ್ಲ. ಆಸರೆ ಪಡೆದು ನಿಲ್ಲುವುದು ಸೋಲಲ್ಲ ಅಂತ ನಮಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಈಗ ಕಾನೂನಿನ ಮಾತು. ಪುನರ್ವಸತಿ ಅಂದರೆ ನಮ್ಮ ಜನಕ್ಕೆ ಗೊತ್ತಿರುವುದು ಅಣೆಕಟ್ಟಿನದು. ಹೇಮಾವತಿಯಲ್ಲಿ, ಆಲಮಟ್ಟಿಯಲ್ಲಿ ಊರು ಮುಳುಗಿಸಿ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಹೋಗಿ ಅಂದದ್ದು. ಮೈಯ ಪುನರ್ವಸತಿಯಲ್ಲೂ ಅದೇ ಆಟ ನಡೆದಿದೆ. ಕರ್ನಾಟಕದಲ್ಲಿ 2016ರಲ್ಲಿ ರಸ್ತೆ ಅಪಘಾತದಲ್ಲಿ ಸಿಕ್ಕವರಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಅಂತ ಹರೀಶ್ ಹೆಸರಿನ ಯೋಜನೆ ತಂದರು. ಒಳ್ಳೆಯದೇ. ನಾವು ಕೇಳುವುದು 49ನೇ ಗಂಟೆಯ ಬಗ್ಗೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲಿನಲ್ಲಿ ಜಾರಿಯಾಯಿತು. ಅದರ 27ನೇ ಸೆಕ್ಷನ್ನು ಸರ್ಕಾರ ಪುನರ್ವಸತಿ ಸೇವೆ ನಡೆಸಬೇಕು ಅನ್ನುತ್ತೆ. ಆದರೆ ಜೊತೆಗೇ "ಆರ್ಥಿಕ ಶಕ್ತಿಯ ಮಿತಿಯೊಳಗೆ" ಅಂತ ಒಂದು ಬಾಲ ಕಟ್ಟಿದ್ದಾರೆ. ರಸ್ತೆ ಅಗಲ ಮಾಡುವಾಗ, ವಿಗ್ರಹ ನಿಲ್ಲಿಸುವಾಗ ಇಲ್ಲದ ಮಿತಿ ನಮ್ಮ ಬೆನ್ನುಮೂಳೆಗೆ ಬಂದಾಗ ಮಾತ್ರ ಯಾಕೆ ನೆನಪಾಗುತ್ತೆ? ಅದೇ ಕಾಯ್ದೆಯ 45ನೇ ಸೆಕ್ಷನ್ನಿನ ಪ್ರಕಾರ ಹಳೇ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದಲ್ಲಿ ಗಾಲಿಕುರ್ಚಿ ಹೋಗುವ ಹಾಗೆ ಮಾಡಬೇಕಿತ್ತು. ಆ ಗಡುವು 2022ಕ್ಕೇ ಮುಗಿಯಿತು. ನಮ್ಮ ಹಾಸ್ಟೆಲಿನ ಬಾಗಿಲಲ್ಲಿ ಇವತ್ತೂ ಆರು ಮೆಟ್ಟಿಲು ಇವೆ.

ಧಣಿಯ ಐದು ಸಾವಿರದ ಬಗ್ಗೆಯೂ ಒಂದು ಮಾತು. ಕೆಲಸದಲ್ಲಿ ಗಾಯಗೊಂಡ ಕೂಲಿಗೆ ಮಾಲೀಕ ಪರಿಹಾರ ಕೊಡಬೇಕು ಅಂತ 1923ರಲ್ಲೇ ಕಾನೂನು ಬಂದಿದೆ. ಈಗ ಅದನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. 1923ರ ಕಾಯ್ದೆಯಲ್ಲಿ ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ನಮ್ಮ ಹುಡುಗನ ಅಂಗಿ ಜೇಬಿನಲ್ಲಿ ಹಿಂದಿನ ದಿನದ ತೂಕದ ಚೀಟಿ ಇತ್ತು. ಅಕ್ಕ ಅಂಗಿ ಒಗೆಯುವಾಗ ತೆಗೆದು ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದಳು. "ಅವನಾಗೇ ಬಂದಿದ್ದ" ಅನ್ನುವ ಮಾತಿಗೆ ಆ ಚೀಟಿಯೇ ಉತ್ತರ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆವು. ಪರಿಶಿಷ್ಟ ಜಾತಿಯವರಿಗೂ ಅಂಗವಿಕಲರಿಗೂ 1987ರ ಕಾಯ್ದೆಯ ಪ್ರಕಾರ ವಕೀಲರು ಪುಕ್ಕಟೆ. ಅರ್ಜಿ ಹೊತ್ತಿಗೆ ಸರಿಯಾಗಿ ಬಿದ್ದಿದೆ, ಕೇಸು ನಡೆಯುತ್ತಿದೆ. ಇನ್ನೊಂದು ತಿಳಿದಿರಲಿ: ಜಾತಿ ದೌರ್ಜನ್ಯದಲ್ಲಿ ಹೊಡೆತ ತಿಂದು ಅಂಗ ಊನವಾದವರಿಗೆ 2016ರಲ್ಲಿ ತಿದ್ದಿದ ನಿಯಮಗಳು ಪೂರ್ತಿ ಅಂಗವೈಕಲ್ಯಕ್ಕೆ 8 ಲಕ್ಷದ 25 ಸಾವಿರ, ಅರ್ಧಕ್ಕಿಂತ ಹೆಚ್ಚಾದರೆ 4 ಲಕ್ಷದ 50 ಸಾವಿರ, ಅರ್ಧಕ್ಕಿಂತ ಕಡಿಮೆಯಾದರೆ 2 ಲಕ್ಷದ 50 ಸಾವಿರ ಪರಿಹಾರ ಗೊತ್ತು ಮಾಡಿವೆ. ಆದರೆ ದುಡ್ಡು ಮಗ್ಗುಲು ಬದಲಾಯಿಸುವುದಿಲ್ಲ. ದುಡ್ಡೂ ಬೇಕು, ಕೈಯೂ ಬೇಕು.

ಆದ್ದರಿಂದ ನಾವು ಕೇಳುವುದು ಇವು:

1. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗ, ಪ್ರತಿ ಜಿಲ್ಲೆಯಲ್ಲಿ ರೋಗಿ ಉಳಿದು ಕಲಿಯುವ ಪುನರ್ವಸತಿ ವಾರ್ಡು ಬೇಕು. ಆಪರೇಷನ್ ಉಚಿತವಾದರೆ ಥೆರಪಿಯೂ ಉಚಿತವಾಗಬೇಕು.

2. ಥೆರಪಿಗೆ ಬರುವ ದಿನದ ಬಸ್ ಚಾರ್ಜು, ಜೊತೆಗೆ ಬರುವವರ ಕೂಲಿ, ಎರಡನ್ನೂ ಸರ್ಕಾರ ಕೊಡಬೇಕು.

3. ಬಿಡುಗಡೆ ಚೀಟಿ ಕನ್ನಡದಲ್ಲಿ ಇರಬೇಕು. ಮನೆಯವರಿಗೆ ಮಗ್ಗುಲು ಬದಲಾಯಿಸುವುದು, ಕೊಳವೆ ಹಾಕುವುದು ಕಲಿಸದೆ ಮನೆಗೆ ಕಳಿಸಬಾರದು.

4. ಮರ ಹತ್ತಿಸುವ ಮಾಲೀಕ ಬೆಲ್ಟು, ಹಗ್ಗ, ವಿಮೆ ಕೊಡದೆ ಹತ್ತಿಸಿದರೆ ಅವನ ಮೇಲೆ ಕೇಸು ಹಾಕಬೇಕು.

5. ಸಮಾಜ ಕಲ್ಯಾಣ ಇಲಾಖೆಯ ಎಲ್ಲ ಹಾಸ್ಟೆಲುಗಳಲ್ಲಿ ಇಳಿಜಾರು, ಅಗಲ ಬಾಗಿಲಿನ ಕಕ್ಕಸು, ಕೆಳ ಅಂತಸ್ತಿನಲ್ಲಿ ರೂಮು ಬೇಕು.

ಇದು ಸರ್ಕಾರಕ್ಕೆ. ನಮಗೂ ಕೆಲಸ ಇದೆ. ಪಿ.ಯು.ಸಿ. ಸೈನ್ಸ್ ಓದುವ ತಮ್ಮ ತಂಗಿಯರೆ, ಡಾಕ್ಟರು ಇಂಜಿನಿಯರು ಬಿಟ್ಟು ಬೇರೆ ಓದು ಇಲ್ಲ ಅಂದುಕೊಳ್ಳಬೇಡಿ. ಫಿಸಿಯೋಥೆರಪಿ ಇದೆ, ಕೃತಕ ಕೈಕಾಲು ಮಾಡುವ ಓದು ಇದೆ. ಚರ್ಮ ಹದ ಮಾಡಿ ಊರಿನ ಕಾಲಿಗೆಲ್ಲ ಮೆಟ್ಟು ಹೊಲಿದ ಕೈ ನಮ್ಮದು. ಆ ಕೈಗೆ ಈ ವಿದ್ಯೆ ಒಲಿಯದೆ ಇರುತ್ತದೆಯೆ? ಕಲೆ ಓದುವ ನಾವು ಏನು ಮಾಡಬೇಕು? ನಿಮ್ಮ ಊರಿನಲ್ಲಿ ಬಿದ್ದು ಮಂಚ ಹಿಡಿದವರ ಪಟ್ಟಿ ಮಾಡಿ. ಪ್ರತಿ ಕೇರಿಯಲ್ಲೂ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ, ಒಳಮನೆಯ ಕತ್ತಲಲ್ಲಿ. ಅವರ ಅಂಗವಿಕಲ ಕಾರ್ಡಿಗೆ ಅರ್ಜಿ ತುಂಬಿ. ಕೂಲಿಯ ಚೀಟಿ, ಆಸ್ಪತ್ರೆ ಕಾಗದ ಜೋಪಾನ ಮಾಡಿಸಿ. ಥೆರಪಿಗೆ ಜೊತೆಗೆ ಹೋಗಿ, ನೋಡಿ ಕಲಿಯಿರಿ. ಮಗ್ಗುಲು ಬದಲಾಯಿಸುವುದು ಬರೀ ಅಕ್ಕಂದಿರ, ಅವ್ವಂದಿರ ಕೆಲಸ ಅಂತ ಇನ್ನು ಹೇಳಬೇಡಿ.

ಶಿಕ್ಷಣ, ಸಂಘಟನೆ, ಹೋರಾಟ ಅಂತ ಗೋಡೆ ಮೇಲೆ ಬರೆಯುತ್ತೇವೆ. ಹೋರಾಟ ಅಂದರೆ ಒಂದು ದಿನದ ಮೆರವಣಿಗೆ ಅಂತ ನಾವು ತಿಳಿದಿದ್ದೆವು. ಒಂದೇ ಕೆಲಸವನ್ನು ದಿನಕ್ಕೆ ನಲವತ್ತು ಸಲ, ಯಾರೂ ಚಪ್ಪಾಳೆ ತಟ್ಟದ ಜಾಗದಲ್ಲಿ, ನಾಳೆ ಮತ್ತೆ ನಲವತ್ತು ಸಲ ಮಾಡುವುದೂ ಹೋರಾಟವೇ ಅಂತ ನಮಗೆ ಕಲಿಸಿದವನು ಅವನು.

ಕೊನೆಗೊಂದು ಮಾತು. ನಮ್ಮ ಸಭೆಗಳು ಯಾವಾಗಲೂ ಮಹಡಿ ಮೇಲಿನ ಹಾಲಿನಲ್ಲಿ ನಡೆಯುತ್ತವೆ. ಹದಿನೆಂಟು ಮೆಟ್ಟಿಲು. ಸಮಾನತೆಯ ಭಾಷಣ ಕೇಳಲು ನಾವು ಹದಿನೆಂಟು ಮೆಟ್ಟಿಲು ಹತ್ತುತ್ತಿದ್ದೆವು, ಇಷ್ಟು ವರ್ಷ ಅದು ನಮ್ಮ ಕಣ್ಣಿಗೇ ಬೀಳಲಿಲ್ಲ. ಮುಂದಿನ ಸಭೆ ಕೆಳಗೆ, ಅಂಗಳದಲ್ಲಿ. ಅವನು ಬರುತ್ತಾನೆ. ತಮಟೆ ತರ್ತೀನಿ ಅಂದಿದ್ದಾನೆ.

ಜೈ ಭೀಮ್.